ಬೀದಿಯ ಮುಖಕ್ಕೆ ಕಕ್ಕಸು

ನಾವು ಮನೆ ಕಟ್ಟಬಾರದು ಎಂಬ ತಕರಾರು ಅರ್ಜಿಯನ್ನು ನನ್ನ ಕೈಯಲ್ಲೇ ಬರೆಸಲು ಬಂದರು.

ಬೆಳಿಗ್ಗೆ ಹನ್ನೊಂದರ ಹೊತ್ತು. ನಾನು ಕೆಲಸ ಮಾಡುವ ಟೈಪಿಂಗ್ ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಮೂವರು ಒಟ್ಟಿಗೆ ಮೆಟ್ಟಿಲು ಹತ್ತಿದರು. ನಮ್ಮ ಬೀದಿಯ ಮೊದಲನೇ ಮನೆಯ ಹೆಡ್‌ಮಾಸ್ಟರು. ನಿವೃತ್ತರಾಗಿ ಒಂಬತ್ತು ವರ್ಷವಾಯಿತು, ದರ್ಪಕ್ಕೆ ಇನ್ನೂ ನಿವೃತ್ತಿಯಾಗಿಲ್ಲ. ಎರಡನೇ ಮನೆಯ ಔಷಧಿ ಅಂಗಡಿಯವರು. ಮೂರನೇ ಮನೆಯ ಗುಲಾಬಿ ಆಂಟಿ. ಮನೆ ಮುಂದೆ ಕುಂಡಗಳಲ್ಲಿ ಗುಲಾಬಿ ಬೆಳೆಸುತ್ತಾರೆ, ಅದಕ್ಕೆ ಆ ಹೆಸರು. ಉಳಿದ ನಾಲ್ಕು ಮನೆಯವರ ಒಪ್ಪಿಗೆಯೂ ಇದೆ ಎಂದರು. ಬೀದಿಯಲ್ಲಿ ಇರುವುದು ಏಳು ಮನೆ. ನಮ್ಮದನ್ನು ಸೇರಿಸಿದರೆ ಎಂಟು. ಯಾರೂ ಸೇರಿಸುವುದಿಲ್ಲ.

"ಮಗು, ನಗರಸಭೆಗೆ ಒಂದು ಅರ್ಜಿ ಆಗಬೇಕು," ಎಂದರು ಹೆಡ್‌ಮಾಸ್ಟರು, ಅಂಗಡಿಯಲ್ಲಿದ್ದ ಒಂದೇ ಕುರ್ಚಿಯನ್ನು ಎಳೆದುಕೊಳ್ಳುತ್ತ. "ನಿನ್ನ ಭಾಷೆ ಚೆನ್ನಾಗಿದೆ. ನೀನೇ ಬರೆದುಬಿಡು."

ಯಾವುದರ ಬಗ್ಗೆ ಸಾರ್ ಎಂದು ಕೇಳಿದೆ.

"ಅದೇ, ನಿಮ್ಮ ಮನೇದು."

ಹೇಳುವಾಗ ಅವರ ಮುಖದಲ್ಲಿ ಏನೂ ಕದಲಲಿಲ್ಲ. ನಾನು ಮುಖಗಳನ್ನು ಗಮನಿಸುವವಳು. ಯಾರ ಹುಬ್ಬು ಯಾವಾಗ ಏರುತ್ತದೆ, ಯಾರ ದನಿ ಯಾವಾಗ ಇಳಿಯುತ್ತದೆ ಎಂದು ನೋಡಿ ನೋಡಿಯೇ ಇಷ್ಟು ದೊಡ್ಡವಳಾಗಿದ್ದೇನೆ. ಅಲ್ಲಿ ನಾಚಿಕೆಯೂ ಇರಲಿಲ್ಲ, ಕೊಬ್ಬೂ ಇರಲಿಲ್ಲ. ಬರೀ ಅಭ್ಯಾಸವಿತ್ತು. ಕಕ್ಕಸು ತೊಳೆಯಬೇಕಾದರೆ ಅವ್ವನನ್ನು ಕರೆಯಬೇಕು. ಅರ್ಜಿ ಬೇಕಾದರೆ ಅವಳ ಮಗಳ ಹತ್ತಿರ ಹೋಗಬೇಕು. ಆ ಅವ್ವನ ಮೇಲೆಯೇ ಅರ್ಜಿ ಹಾಕಬೇಕಾದರೂ ಅಷ್ಟೇ. ಬೇರೆ ದಾರಿ ಅವರ ತಲೆಗೆ ಹೊಳೆದೇ ಇರಲಿಲ್ಲ.

ತಪ್ಪು ಅವರದಷ್ಟೇ ಅಲ್ಲ. ಹನ್ನೊಂದು ವರ್ಷದಿಂದ ಆ ಬೀದಿಯ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗಿವೆ. ಔಷಧಿ ಅಂಗಡಿಯವರ ಕಾರಿನ ಮೇಲೆ ಮರದ ಎಲೆ ಉದುರುತ್ತಿತ್ತು. 'ಸಾರ್ವಜನಿಕರ ಪ್ರಾಣಕ್ಕೆ ಅಪಾಯಕಾರಿಯಾಗಿರುವ ಮರ' ಎಂದು ಬರೆದುಕೊಟ್ಟೆ. ಮರ ಹೋಯಿತು. ಮೂಲೆಯಲ್ಲಿ ಕೂತು ತರಕಾರಿ ಮಾರುವ ಹೆಂಗಸಿನ ಕೂಗಿಗೆ ಹೆಡ್‌ಮಾಸ್ಟರ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. 'ಸುಗಮ ಸಂಚಾರಕ್ಕೆ ಅಡಚಣೆ' ಎಂದು ಬರೆದುಕೊಟ್ಟೆ. ನಾಲ್ಕನೇ ದಿನ ಆಕೆಯ ಬುಟ್ಟಿ, ತಕ್ಕಡಿ ಎತ್ತಿಕೊಂಡು ಹೋದರು. ಆಕೆ ನನಗೆ ದಿನಾ ಒಂದು ಹಿಡಿ ಸೊಪ್ಪು ಜಾಸ್ತಿ ಹಾಕುತ್ತಿದ್ದವಳು. ಅರ್ಜಿ ಬರೆದದ್ದು ಯಾರೆಂದು ಆಕೆಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತು.

ಅವ್ವ ಅವರ ಹಿತ್ತಿಲಲ್ಲಿ ಆಸಿಡ್ ಹಾಕಿ ತೊಳೆಯುತ್ತಿದ್ದಳು. ನಾನು ಇಲ್ಲಿ ಕೂತು ಅವರ ಮಾತು ತೊಳೆಯುತ್ತಿದ್ದೆ. ಅವ್ವನ ಉಗುರು ಹಳದಿಯಾಗಿ ಸುರುಟಿತ್ತು. ನನಗೆ ಒಳ್ಳೆಯ ಭಾಷೆ ಇದೆ ಎಂಬ ಹೆಸರು ಬಂದಿತ್ತು.

ಮನೆಯ ವಿಷಯ ಹೇಳಬೇಕು. ಬೀದಿಯ ಬಾಯಲ್ಲಿ, ರಸ್ತೆ ಮಾಡಿದ ಮೇಲೆ ಉಳಿದ ಒಂದು ಚೂರು ಜಾಗ ನಮ್ಮದು. ಹದಿನಾಲ್ಕು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಅಪ್ಪ ನಗರಸಭೆಯ ಚರಂಡಿ ಕೆಲಸದಲ್ಲಿದ್ದ. ಒಂದು ದಿನ ಮ್ಯಾನ್‌ಹೋಲಿಗೆ ಇಳಿದವನು ತಾನಾಗಿ ಹತ್ತಲಿಲ್ಲ, ಹಗ್ಗ ಹಾಕಿ ಎತ್ತಿದರು. ಅವನ ಬದಲಿಗೆ ಈ ಜಾಗ ಕೊಟ್ಟರು. ನನಗಾಗ ಎಂಟು ವರ್ಷ. ಅಲ್ಲಿ ತಗಡಿನ ಮನೆ ಹಾಕಿಕೊಂಡು ಇಪ್ಪತ್ತೆರಡು ವರ್ಷ ಕಳೆದೆವು. ಬೇಸಿಗೆಯಲ್ಲಿ ಬಾಣಲೆ, ಮಳೆಯಲ್ಲಿ ತಮಟೆ. ರಸ್ತೆಯಿಂದ ಮೂರೇ ಅಡಿ ದೂರ. ಆಗ ಯಾರೂ ತಕರಾರು ಮಾಡಲಿಲ್ಲ. ತಗಡು ಅವರ ಕಣ್ಣಿಗೆ ಮನೆಯಾಗಿ ಕಂಡಿರಲಿಲ್ಲ.

ಆ ತಗಡಿನಲ್ಲಿ ಕಕ್ಕಸಿಲ್ಲ. ದಿನಕ್ಕೆ ಏಳು ಕಕ್ಕಸು ತೊಳೆಯುವವಳು ತನ್ನ ಕೆಲಸಕ್ಕೆ ಬಸ್ ನಿಲ್ದಾಣದ ಹಿಂದಿನ ಸಾರ್ವಜನಿಕ ಶೌಚಾಲಯಕ್ಕೆ ಹೋಗಬೇಕು. ಮೊದಲು ಹನ್ನೆರಡು ನಿಮಿಷದ ನಡಿಗೆ. ಅವ್ವನ ಮಂಡಿ ಕೆಟ್ಟ ಮೇಲೆ ಅರ್ಧ ಗಂಟೆ. ರಾತ್ರಿ ಎಂಟಕ್ಕೆ ಅದಕ್ಕೆ ಬೀಗ ಬೀಳುತ್ತದೆ. ಅದಕ್ಕೇ ಅವ್ವ ಐದರ ಮೇಲೆ ನೀರು ಕುಡಿಯುವುದಿಲ್ಲ. ಎರಡು ಸಲ ಮೂತ್ರದಲ್ಲಿ ರಕ್ತ ಬಂತು. ಚೆನ್ನಾಗಿ ನೀರು ಕುಡಿಯಬೇಕು ಎಂದರು ಡಾಕ್ಟರು. ಅವ್ವ ಆಗಲಿ ಎಂದು ತಲೆಯಾಡಿಸಿದಳು. ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸಿಬಿಡುವುದು ಅವಳ ಪದ್ಧತಿ.

ತೊಳೆದ ಕಕ್ಕಸಿನಲ್ಲಿ ಕೂರುವ ಹಾಗಿಲ್ಲವೇ ಎಂದು ಯಾರಾದರೂ ಕೇಳಬಹುದು. ಒಮ್ಮೆ ಕೂತಿದ್ದಳು. ಔಷಧಿ ಅಂಗಡಿಯವರ ಮನೆಯಲ್ಲಿ, ಹೊಟ್ಟೆ ಕೆಟ್ಟು ತಡೆಯಲಾರದೆ. ಅವರು ಹೊರಗೆ ನಿಂತು ಅವ್ವನ ಕೈಯಲ್ಲೇ ಮೂರು ಸಲ ತೊಳೆಸಿದರು. ಮಗ್ಗು ಬಿಸಾಕಿಸಿದರು. ಬಿಸಾಕಿದ ಮಗ್ಗನ್ನು ಅವ್ವ ಮನೆಗೆ ತಂದಳು. ಗಟ್ಟಿಯಾಗಿದೆ, ಇನ್ನೂ ಇದೆ.

ಹೋದ ವರ್ಷ ಇಟ್ಟಿಗೆಯ ಒಂದು ಕೋಣೆ, ಒಂದು ಕಕ್ಕಸು ಕಟ್ಟಿಕೊಳ್ಳೋಣ ಎಂದು ಹೊರಟೆವು. ನಿಯಮದ ಪ್ರಕಾರ ರಸ್ತೆಯಿಂದ ಹತ್ತು ಅಡಿ, ಹಿಂದೆ ಮೂರು ಅಡಿ ಬಿಡಬೇಕು. ಬಿಟ್ಟರೆ ಉಳಿಯುವುದು ಐದು ಅಡಿ. ಐದು ಅಡಿಯಲ್ಲಿ ಹೆಣವನ್ನೂ ಕಾಲು ಮಡಿಸಿಯೇ ಮಲಗಿಸಬೇಕು. ಸಣ್ಣ ಜಾಗಗಳಿಗೆ ವಿನಾಯಿತಿ ಕೊಡಬಹುದು ಎಂದು ಅದೇ ನಿಯಮದ ಕೆಳಗೆ ಒಂದು ಸಾಲಿದೆ. ನಾನು ಅದನ್ನು ಹುಡುಕಿ ಅರ್ಜಿ ಹಾಕಿದೆ. ಕಕ್ಕಸು ಮುಂದುಗಡೆಯೇ ಬರಬೇಕಿತ್ತು. ಒಳಚರಂಡಿಯ ಕೊಳವೆ ರಸ್ತೆಯ ಕೆಳಗಿದೆ, ಹಿಂದೆ ಬಂಡೆ. ನೆರೆಹೊರೆಯವರ ತಕರಾರಿದ್ದರೆ ಮೂವತ್ತು ದಿನದಲ್ಲಿ ತಿಳಿಸಿ ಎಂದು ನಗರಸಭೆಯವರು ನಮ್ಮ ತಗಡಿಗೆ ನೋಟೀಸು ಅಂಟಿಸಿದರು. ಇಪ್ಪತ್ತೆಂಟನೇ ದಿನ ಇವರು ಅಂಗಡಿಗೆ ಬಂದರು.

ಹೇಳಿ ಸಾರ್, ಟೈಪ್ ಮಾಡುತ್ತೇನೆ ಎಂದೆ. ಇಲ್ಲ ಎನ್ನುವ ಧೈರ್ಯ ಇರಲಿಲ್ಲ. ನಾಳೆಯಿಂದ ಅವ್ವನನ್ನು ಬರಬೇಡ ಎಂದರೆ? ಅಂಗಡಿಯ ಯಜಮಾನರಿಗೆ ಚಾಡಿ ಹೇಳಿದರೆ? ಇಂಥದ್ದು ನನ್ನ ತಲೆಯಲ್ಲಿ ಯಾವಾಗಲೂ ಸಾಲುಗಟ್ಟಿ ನಿಂತಿರುತ್ತದೆ.

ಅವರು ಹೇಳುತ್ತ ಹೋದರು. ನನ್ನ ಎದುರಿಗೇ. ನಾನು ಟೈಪು ಮಾಡುವ ಯಂತ್ರದ ಭಾಗವೇ ಎಂಬ ಹಾಗೆ.

"ಬೀದಿಯ ಮುಖಕ್ಕೆ ಕಕ್ಕಸು ಬಂದ್ರೆ ಮನೆಗೆ ಬರೋ ನೆಂಟರು ಏನಂದ್ಕೋತಾರೆ?" ಹೆಡ್‌ಮಾಸ್ಟರು.

"ತಗಡಿದ್ರೆ ಇವತ್ತಲ್ಲ ನಾಳೆ ಎದ್ದು ಹೋಗ್ತಾರೆ ಅಂತಾದ್ರೂ ಇರುತ್ತೆ. ಇಟ್ಟಿಗೆ ಇಟ್ರೆ ಬೇರು ಬಿಟ್ಟ ಹಾಗೆ." ಔಷಧಿ ಅಂಗಡಿಯವರು.

ಗುಲಾಬಿ ಆಂಟಿ ನನ್ನ ಭುಜ ಮುಟ್ಟಿ ಹೇಳಿದರು. ಪ್ರೀತಿಯಿಂದಲೇ. "ನಿಮ್ಮವ್ವ ಚಿನ್ನದಂಥೋಳು ಕಣಮ್ಮ. ಆದ್ರೆ ನಮ್ಮ ಹಾಗೇ ಮನೆ ಕಟ್ಕೊಂಡು ಕೂತ್ರೆ ನಾಳೆ ನಮ್ಮನೆ ಕಕ್ಕಸು ತೊಳೆಯೋಕೆ ಬರ್ತಾಳಾ?"

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. ಇದನ್ನೆಲ್ಲ ಹೀಗೇ ಹಾಕಬೇಡ, ಸ್ವಲ್ಪ ಚೆನ್ನಾಗಿ ಹಾಕು ಎಂದರು. ಪರಿಸರ, ಸಾರ್ವಜನಿಕ ಆರೋಗ್ಯ, ಬೀದಿಯ ಸೌಂದರ್ಯ. ನಿನಗೆ ಹೇಳಿಕೊಡಬೇಕಾ ಎಂದು ನಕ್ಕರು. ಕೊನೆಗೆ, ನಿಯಮವನ್ನು ಒಂದು ಅಂಗುಲವೂ ಸಡಿಲಿಸಬಾರದು ಎಂದು ಗಟ್ಟಿಯಾಗಿ ಸೇರಿಸು ಎಂದರು.

ನನ್ನ ಬೆರಳು 'ಪ' ಅಕ್ಷರದ ಮೇಲಿತ್ತು. ಪರಿಸರ ಎಂದು ಹೊಡೆದರೆ ಮುಗಿಯಿತು. ಹನ್ನೊಂದು ವರ್ಷದಲ್ಲಿ ನೂರು ಸಲ ಹೊಡೆದ ಪದ. ಬೆರಳು ಇಳಿಯಲಿಲ್ಲ.

ಆಮೇಲೆ ಬೇಗಬೇಗ ಟೈಪು ಮಾಡಿದೆ. ಮುದ್ರಿಸಿ ಹೆಡ್‌ಮಾಸ್ಟರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಮೇಲೆ ನಗರಸಭೆಗೆ ಸಲ್ಲಬೇಕಾದ ಮರ್ಯಾದೆಯ ಸಾಲುಗಳು. ಕೆಳಗೆ 'ನಮ್ಮ ಕಾರಣಗಳು' ಎಂದು ತಲೆಬರಹ. ಅದರ ಕೆಳಗೆ ಮೂರು ಮಾತು, ಮೂವರು ಹೇಳಿದ ಹಾಗೇ, ಯಾವುದನ್ನು ಯಾವ ಮನೆಯವರು ಹೇಳಿದರು ಎಂಬುದರ ಸಮೇತ.

"ಏನಿದು?"

"ನೀವು ಹೇಳಿದ್ದು ಸಾರ್."

"ನಾನು ಹೇಳಿದ್ದು ಹೀಗಲ್ಲ."

"ಎಲ್ಲಿ ತಪ್ಪಿದೆ ತೋರಿಸಿ ಸಾರ್, ತಿದ್ದುತ್ತೇನೆ."

ಅವರು ಮತ್ತೆ ಓದಿದರು. ನಲವತ್ತು ವರ್ಷ ತಪ್ಪು ಹುಡುಕಿದ ಕಣ್ಣು. ಒಂದು ಒತ್ತಕ್ಷರವೂ ಸಿಗಲಿಲ್ಲ. ಹಾಳೆ ಔಷಧಿ ಅಂಗಡಿಯವರ ಕೈಗೆ ಹೋಯಿತು, ಅಲ್ಲಿಂದ ಆಂಟಿಯ ಕೈಗೆ. ಆಂಟಿ ತಮ್ಮ ಮಾತನ್ನು ತಾವೇ ಓದಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಹಾಳೆಯನ್ನು ಮೇಜಿನ ಮೇಲೆ ಬಿಟ್ಟರು. ನಾನು ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟೆ. ಸಹಿ ಹಾಕಿ ಎಂದೆ. ಯಾರೂ ಪೆನ್ನು ಮುಟ್ಟಲಿಲ್ಲ.

"ನಿನ್ನನ್ನ ಓದಿಸಿದ್ದು ಇದಕ್ಕಾ?" ಎಂದರು ಹೆಡ್‌ಮಾಸ್ಟರು.

ಅವರು ಓದಿಸಿದ್ದು ನೆನಪಿದೆ. ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ ನನ್ನೊಬ್ಬಳನ್ನೇ ಸಾಲಿನಿಂದ ಈಚೆ ಕರೆಯುತ್ತಿದ್ದರು. ನಿಮ್ಮವ್ವನ ಕೈ ನಿನಗೂ ಬಂದಿರುತ್ತೆ ಎನ್ನುತ್ತಿದ್ದರು. ನಾನು ಶಾಲೆಯ ಕಕ್ಕಸು ಉಜ್ಜುವಾಗ ಆಚೆ ತರಗತಿಯಲ್ಲಿ ಮಕ್ಕಳು ಇನ್‌ಸ್ಪೆಕ್ಟರಿಗೆ ಪದ್ಯ ಒಪ್ಪಿಸುತ್ತಿದ್ದರು. ಆ ಪದ್ಯ ನನಗೂ ಬಾಯಿಗೆ ಬರುತ್ತಿತ್ತು. ಪೊರಕೆಯ ತಾಳಕ್ಕೆ ಸರಿಯಾಗಿ ಹೇಳಿಕೊಳ್ಳುತ್ತಿದ್ದೆ.

ಹೌದು ಸಾರ್, ಇದಕ್ಕೇ ಎನ್ನಬೇಕಿತ್ತು. ಎನ್ನಲಿಲ್ಲ. ಅವರು ಹೋದ ಮೇಲೆ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. 

ಸಂಜೆ ಅವ್ವ ಬೈದಳು. "ಬರ್ಕೊಟ್ಟು ಕಳಿಸೋದು ತಾನೆ. ಊರಲ್ಲಿ ಬರೆಯೋಳು ನೀನೊಬ್ಳೇನಾ? ನೀನು ಬರೀದಿದ್ರೆ ಅವರ ಅರ್ಜಿ ನಿಲ್ಲುತ್ತಾ?" ಆಮೇಲೆ, ಏನು ಹೇಳಿದರು ಓದು ನೋಡೋಣ ಎಂದಳು. ಮಂಡಿ ನೀವಿಕೊಳ್ಳುತ್ತ ಕೇಳಿದಳು. ಗುಲಾಬಿ ಆಂಟಿಯ ಮಾತು ಬಂದಾಗ ನೀವುವುದನ್ನು ನಿಲ್ಲಿಸಿ ನಕ್ಕಳು.

"ನೋಡು, ಏಳು ಮನೇಲಿ ಬುದ್ಧಿ ಇರೋದು ಅವಳೊಬ್ಬಳಿಗೇ. ನಿಜ ಹೇಳಿದ್ದಾಳೆ."

ಅವ್ವ ಹೇಳಿದ ಹಾಗೇ ಆಯಿತು. ಅವರು ಬೇರೆ ಕಡೆ ಬರೆಸಿದರು. ಒಳ್ಳೆಯ ಕಾಗದ, ಏಳು ಸಹಿ. ವಿಚಾರಣೆಗೆ ಬನ್ನಿ ಎಂದು ನಮಗೂ ಅವರಿಗೂ ಒಂದೇ ದಿನ, ಒಂದೇ ಹೊತ್ತಿಗೆ ಪತ್ರ ಬಂತು. ಅವತ್ತು ಕೆಲಸಕ್ಕೆ ಬರುವುದಿಲ್ಲ ಎಂದು ಅವ್ವ ಏಳೂ ಮನೆಗೆ ಹೇಳಿದಳು. ಏಳೂ ಮನೆಯವರು ಒಂದೇ ಮಾತು ಹೇಳಿದರು: ವಿಚಾರಣೆ ಇರೋದು ಹನ್ನೊಂದಕ್ಕೆ ತಾನೆ, ಬೇಗ ಬಂದು ತೊಳೆದುಬಿಟ್ಟು ಹೋಗು.

ಅವ್ವ ಐದಕ್ಕೆ ಎದ್ದು ಹೋದಳು. ನಾನು ಬೇಡ ಎಂದೆ. ಕೇಳಲಿಲ್ಲ. ಏಳು ಕಕ್ಕಸು ತೊಳೆದಳು. ಆ ಏಳರಲ್ಲಿ ಕೂತು, ಹಗುರಾಗಿ, ಕೈಕಾಲು ತೊಳೆದು, ಇಸ್ತ್ರಿ ಬಟ್ಟೆ ಹಾಕಿಕೊಂಡು ಏಳು ಮನೆಯವರು ಹನ್ನೊಂದಕ್ಕೆ ನಗರಸಭೆಗೆ ಬಂದರು. ಸಾರ್ವಜನಿಕ ಆರೋಗ್ಯದ ಬಗ್ಗೆ ಮಾತಾಡಲು.

ಸಣ್ಣ ಕೋಣೆ. ಉದ್ದ ಮೇಜು. ಮೇಜಿನ ಆಚೆ ನಗರಸಭೆಯ ಸಾಹೇಬರು, ಪಕ್ಕದಲ್ಲಿ ಆದದ್ದನ್ನೆಲ್ಲ ಬರೆದುಕೊಳ್ಳುವ ಗುಮಾಸ್ತೆ. ಗೋಡೆ ಬದಿಗೆ ಎಂಟು ಕುರ್ಚಿ. ಏಳರಲ್ಲಿ ಅವರು ಕೂತರು. ಎಂಟನೆಯದರ ಮೇಲೆ ಆಂಟಿಯ ಕೈಚೀಲ ಕೂತಿತು. ನಾವು ನಿಂತೆವು. ಅವ್ವನ ಮೈಯಿಂದ ಆಸಿಡ್ ವಾಸನೆ ಬರುತ್ತಿತ್ತು. ಔಷಧಿ ಅಂಗಡಿಯವರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಅವರ ಮನೆಯ ಆಸಿಡ್ಡೇ ಅದು.

ಸಾಹೇಬರು ತಕರಾರನ್ನು ಗಟ್ಟಿಯಾಗಿ ಓದಿದರು. ಪರಿಸರ ಸಮತೋಲನ ಇತ್ತು. ಬೀದಿಯ ಸೌಂದರ್ಯ ಇತ್ತು. ಮುಂದಿನ ಪೀಳಿಗೆಯೂ ಇತ್ತು. ಬರೆದವನು ಯಾರೋ ನನಗಿಂತ ಚೆನ್ನಾಗಿ ತೊಳೆದಿದ್ದ. ಕೊನೆಯ ಸಾಲು ಹೀಗಿತ್ತು: 'ಈ ಬೀದಿಯಲ್ಲಿ ಕಟ್ಟಡದ ಸುತ್ತ ಬಿಡಬೇಕಾದ ಜಾಗದ ನಿಯಮವನ್ನು ಯಾರಿಗೂ ಒಂದು ಅಂಗುಲವೂ ಸಡಿಲಿಸದೆ ಕಟ್ಟುನಿಟ್ಟಾಗಿ ಜಾರಿ ಮಾಡಬೇಕೆಂದು ಕೋರುತ್ತೇವೆ.'

ನೀವೇನು ಹೇಳುತ್ತೀರಿ ಎಂದು ನಮ್ಮ ಕಡೆ ತಿರುಗಿದರು.

ನಾನು ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ಮೂರು ದಿನ ತಿದ್ದಿದ್ದೆ. ಬಾಯಿ ತೆರೆದರೆ ದನಿ ಬರಲಿಲ್ಲ.  ಅವ್ವ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಸೆರಗಿನೊಳಗೆ ಇಟ್ಟುಕೊಂಡಳು.

"ಸಾಹೇಬ್ರೇ, ರಸ್ತೆ ಕಡೆ ಹತ್ತಡಿ ಬಿಡ್ಬೇಕು ಅಂದ್ರಿ. ಪಕ್ಕಕ್ಕೆ ಎಷ್ಟು ಬಿಡ್ಬೇಕು?"

"ದೊಡ್ಡ ಮನೆಗಾ? ನಾಲ್ಕು ಅಡಿ."

"ನಾಲ್ಕಡಿ ಅಂದ್ರೆ ನಂಗೆ ಗೊತ್ತಾಗಲ್ಲ. ಬಕೆಟ್ಟು ಪಕ್ಕದಲ್ಲಿ ಹಿಡ್ಕೊಂಡು ನಡೀಬಹುದಾ?"

ಸಾಹೇಬರು ನಕ್ಕರು. "ಎರಡು ಕೈಯಲ್ಲಿ ಎರಡು ಬಕೆಟ್ಟು ಹಿಡ್ಕೊಂಡು ಆರಾಮಾಗಿ ನಡೀಬಹುದಮ್ಮ."

ಅವ್ವ ಗೋಡೆಯ ಬದಿಗೆ ತಿರುಗಿದಳು. ಏಳು ಮುಖವನ್ನೂ ಒಂದೊಂದಾಗಿ ನೋಡಿದಳು.

"ಹಂಗಾದ್ರೆ ಇಪ್ಪತ್ತೆರಡು ವರ್ಷದಿಂದ ನಾನ್ಯಾಕೆ ಏಡಿ ಥರ ಅಡ್ಡಡ್ಡ ನಡೀತಿದ್ದೀನಿ?"

 ವಿಷಯ ಇಷ್ಟು: ಅವ್ವ ಯಾವ ಮನೆಯ ಮುಂಬಾಗಿಲನ್ನೂ ದಾಟುವ ಹಾಗಿಲ್ಲ. ಮನೆಗೂ ಕಾಂಪೌಂಡು ಗೋಡೆಗೂ ನಡುವಿನ ಸಂದಿಯಲ್ಲಿ ಹಿತ್ತಿಲಿಗೆ ಹೋಗಬೇಕು. ಹಿತ್ತಿಲ ಕಡೆಯಿಂದ ಕಕ್ಕಸಿಗೆ ಇನ್ನೊಂದು ಬಾಗಿಲಿದೆ, ಅವಳಿಗಾಗಿ. ಆ ಸಂದಿಯೇ ನಿಯಮ ಹೇಳುವ ನಾಲ್ಕು ಅಡಿ. ಅದರಲ್ಲಿ ಒಬ್ಬರು ಉಗ್ರಾಣ ಕಟ್ಟಿಕೊಂಡರು, ಒಬ್ಬರು ಕೋಣೆ ದೊಡ್ಡದು ಮಾಡಿಕೊಂಡರು, ಒಬ್ಬರು ಮಹಡಿಯ ಮೆಟ್ಟಿಲು ಇಳಿಸಿಕೊಂಡರು. ಉಳಿದದ್ದು ಅವ್ವನ ದಾರಿ. ಪ್ರತಿ ಮನೆಯ ಅಳತೆ ಅವಳ ಮೈಗೆ ಗೊತ್ತು. ಅದನ್ನೇ ಒಂದೊಂದಾಗಿ ಹೇಳಿದಳು. ಮೊದಲನೇ ಮನೆ, ಉಸಿರು ಎಳೆದುಕೊಂಡು ಪೂರ್ತಿ ಅಡ್ಡ. ಎರಡನೇದು, ಬಕೆಟ್ಟು ತಲೆ ಮೇಲೆ. ಮೂರನೇದು, ನೆಟ್ಟಗೆ ನಡೆಯಬಹುದು, ಬಕೆಟ್ಟು ಮಾತ್ರ ಮುಂದೆ ಹಿಡಿಯಬೇಕು. ಗುಮಾಸ್ತೆ ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತಿದ್ದ.

ಅದು ಈ ಅರ್ಜಿಗೆ ಸಂಬಂಧಪಟ್ಟದ್ದಲ್ಲ ಎಂದರು ಸಾಹೇಬರು. ಹೆಡ್‌ಮಾಸ್ಟರು, ಅದೇ ಸಾರ್, ವಿಷಯಾಂತರ ಎಂದರು.

ಆಗ ನನ್ನ ದನಿ ಬಂತು. ಎಲ್ಲಿತ್ತೋ ಗೊತ್ತಿಲ್ಲ. ಓದುವುದು ನನ್ನ ಕೆಲಸ. ಅವರ ಕೊನೆಯ ಸಾಲನ್ನು ಇನ್ನೊಂದು ಸಲ ಓದಿ ಸಾರ್ ಎಂದೆ. ಅವರು ಮನಸ್ಸಿನಲ್ಲೇ ಓದಿಕೊಂಡರು.

"ಯಾರಿಗೂ ಒಂದು ಅಂಗುಲ ಬಿಡಬಾರದು ಅಂತ ಕೇಳಿರೋದು ನಾವಲ್ಲ ಸಾರ್. ಅವರೇ. ಏಳು ಸಹಿ ಇದೆ."

ಗುಮಾಸ್ತೆ ಅದನ್ನು ಬರೆದುಕೊಂಡ. ಬರೆದುಕೊಂಡದ್ದು ಸಾಹೇಬರಿಗೆ ಕಾಣಿಸಿತು. ಕಾಗದಕ್ಕೆ ಹತ್ತಿದ ಮೇಲೆ ಅವರೂ ಏನೂ ಮಾಡುವ ಹಾಗಿರಲಿಲ್ಲ. ಸ್ಥಳ ನೋಡಿ ತೀರ್ಮಾನ ಮಾಡುತ್ತೇನೆ, ಗುರುವಾರ ಬರುತ್ತೇನೆ ಎಂದರು.

ಗುರುವಾರ ಜೀಪು ಬಂತು. ಸಾಹೇಬರ ಜೊತೆ ಟೇಪು ಹಿಡಿಯುವವನಿದ್ದ, ಐವತ್ತು ದಾಟಿದ ಮನುಷ್ಯ, ಬೂದುಗುಂಬಳದಂಥ ಹೊಟ್ಟೆ. ಮೊದಲು ನಮ್ಮ ಜಾಗ ಅಳೆದರು. ಎರಡು ನಿಮಿಷ ಸಾಕಾಯಿತು. ಆಮೇಲೆ ಸಾಹೇಬರು ಜೀಪಿನ ಕಡೆ ಹೊರಟರು. ಅವ್ವ ಬಕೆಟ್ಟು ಹಿಡಿದು ಹೆಡ್‌ಮಾಸ್ಟರ ಗೇಟಿನ ಮುಂದೆ ನಿಂತಿದ್ದಳು.  ನಿಂತಿದ್ದಳು ಅಷ್ಟೇ. ಬೀದಿಯ ಕಿಟಕಿಗಳ ಪರದೆಗಳೆಲ್ಲ ಒಂದೊಂದು ಬೆರಳಿನಷ್ಟು ಸರಿದವು. ಸಾಹೇಬರು ನಿಟ್ಟುಸಿರು ಬಿಟ್ಟು ಟೇಪಿನವನಿಗೆ ಸನ್ನೆ ಮಾಡಿದರು.

ಅವನು ಸಂದಿಗೆ ನುಗ್ಗಿದ. ಮೂರು ಹೆಜ್ಜೆ ಹಾಕಿ ನಿಂತ. ಹಿಂದಕ್ಕೂ ಬರಲಾಗಲಿಲ್ಲ. ಎಷ್ಟಪ್ಪಾ ಎಂದು ಸಾಹೇಬರು ಹೊರಗಿನಿಂದ ಕೇಳಿದರು. ಮೊದಲು ನನ್ನನ್ನ ಎಳ್ಕೊಳ್ಳಿ ಸಾರ್, ಆಮೇಲೆ ಹೇಳ್ತೀನಿ ಎಂದ. ಡ್ರೈವರು ಅವನ ಅಂಗಿ ಹಿಡಿದು ಎಳೆದ. ಒಂದು ಅಡಿ ಒಂದು ಅಂಗುಲ.

ಸಾಹೇಬರು ಬಗ್ಗಿ ಒಳಗೆ ನೋಡಿದರು. ಎರಡೂ ಗೋಡೆಯ ಮೇಲೆ, ಒಂದೇ ಎತ್ತರದಲ್ಲಿ, ಉದ್ದಕ್ಕೂ ಒಂದು ಪಟ್ಟಿ. ಬಣ್ಣ ಸವೆದು, ಗಾರೆ ಸವೆದು, ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು.

"ಏನ್ರೀ ಇದು ಕಲೆ?" ಎಂದು ಹೆಡ್‌ಮಾಸ್ಟರನ್ನು ಕೇಳಿದರು.

ಹೆಡ್‌ಮಾಸ್ಟರಿಗೆ ಗೊತ್ತಿರಲಿಲ್ಲ. ತಮ್ಮ ಮನೆಯ ಆ ಗೋಡೆಯನ್ನು ಅವರು ಯಾವತ್ತೂ ನೋಡಿರಲಿಲ್ಲ.

"ಒಂದು ನನ್ನ ಎದೆ, ಒಂದು ನನ್ನ ಬೆನ್ನು," ಎಂದಳು ಅವ್ವ.

ಎರಡನೇ ಮನೆಯನ್ನು ಅಳೆದರು. ಎರಡು ಅಡಿ. ಮೂರನೇ ಮನೆಯದು ಎರಡೂಕಾಲು. ಅಲ್ಲಿ ಇನ್ನೊಂದೂ ಸಿಕ್ಕಿತು: ಗುಲಾಬಿ ಕುಂಡಗಳ ಕಟ್ಟೆ ಪೂರ್ತಿ ರಸ್ತೆಯ ಮೇಲಿತ್ತು. ಬೀದಿಯ ಸೌಂದರ್ಯ ಬೀದಿಯ ಜಾಗದಲ್ಲೇ ಬೆಳೆದಿತ್ತು. ಸಾಹೇಬರು ಮೂರನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಉಳಿದ ನಾಲ್ಕು ಮನೆ ನಾಳೆ ಬೆಳಿಗ್ಗೆ ಎಂದರು. ಆಮೇಲೆ ಹೆಡ್‌ಮಾಸ್ಟರನ್ನು ಪಕ್ಕಕ್ಕೆ ಕರೆದು ದನಿ ಇಳಿಸಿದರು. ದನಿ ಇಳಿದಾಗ ನನ್ನ ಕಿವಿ ತಾನಾಗಿ ಚುರುಕಾಗುತ್ತದೆ. ತಕರಾರೇ ಇಲ್ಲ ಅಂದರೆ ನನಗೂ ಇಲ್ಲಿ ಕೆಲಸ ಇಲ್ಲ ಎನ್ನುತ್ತಿದ್ದರು. ಅರ್ಜಿದಾರರ ಎದುರಲ್ಲಿ ಸಹಿ ಮಾಡಿ, ನಾಲ್ಕು ಗಂಟೆಯೊಳಗೆ ತಂದುಕೊಡಿ.

ಎರಡೂವರೆಗೆ ಏಳು ಜನವೂ ಅಂಗಡಿಗೆ ಬಂದರು. ಅರ್ಜಿದಾರಳು ಅವ್ವ. ಅವಳೂ ಬಂದಿದ್ದಳು. ಬಂದವಳೇ ಕುರ್ಚಿಯ ಮೇಲೆ ಕೂತಳು, ಮಂಡಿ ಕೇಳಬೇಕಲ್ಲ. ಅಂಗಡಿಯಲ್ಲಿ ಇರುವುದು ಒಂದೇ ಕುರ್ಚಿ. ಏಳು ಜನ ನಿಂತರು.

ಹೆಡ್‌ಮಾಸ್ಟರು ಈ ಸಲ ಮಗು ಎನ್ನಲಿಲ್ಲ. ಬರೆದುಕೊಳ್ಳಮ್ಮ ಎಂದರು. "ಬಡ ಕುಟುಂಬದ ಕಷ್ಟವನ್ನು ಮನಗಂಡು, ಮಾನವೀಯತೆಯ ದೃಷ್ಟಿಯಿಂದ, ನಾವೆಲ್ಲರೂ ಉದಾರ ಮನಸ್ಸಿನಿಂದ..."

ಮಾನವೀಯತೆ ಬರುವುದಿಲ್ಲ ಸಾರ್ ಎಂದೆ.

"ಯಂತ್ರ ಕೆಟ್ಟಿದೆಯಾ?"

"ಯಂತ್ರ ಸರಿ ಇದೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಅಷ್ಟರಲ್ಲಿ ಟೈಪು ಮಾಡಿ ಮುಗಿಸಿದ್ದೆ. ಮುದ್ರಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದೆ.  'ನಿಯಮ ಎಲ್ಲರಿಗೂ ಒಂದೇ ಇರಲಿ ಎಂದು ಕೇಳಿದ್ದೆವು. ಆ ನಿಯಮದಂತೆ ನಮ್ಮ ಮನೆಗಳನ್ನೂ ಅಳೆಯತೊಡಗಿದ್ದಾರೆ. ಇನ್ನೂ ಅಳೆಯುತ್ತಾರೆಂಬ ಭಯದಿಂದ ನಮ್ಮ ತಕರಾರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ.'

ಔಷಧಿ ಅಂಗಡಿಯವರು ಇದಕ್ಕೆ ಸಹಿ ಹಾಕುವುದಿಲ್ಲ, ಬೇರೆ ಕಡೆ ಬರೆಸೋಣ ಎಂದರು. ಬರೆಸಿ ಎಂದೆ. ಎಲ್ಲಿ ಬರೆಸಿದರೂ ಅವ್ವನ ಎದುರಿಗೇ ಸಹಿ ಆಗಬೇಕಲ್ಲ. ಅವ್ವನಿಗೆ ಕುರ್ಚಿಯಿಂದ ಏಳುವ ಅವಸರ ಏನೂ ಇರಲಿಲ್ಲ. ಗೋಡೆಯ ಗಡಿಯಾರ ಮೂರು ತೋರಿಸಿತು. ಮೂರೂಕಾಲು ತೋರಿಸಿತು. ನಾಲ್ಕನೇ ಮನೆಯವರು, ಎಲ್ಲರಿಗಿಂತ ದೊಡ್ಡ ಕೋಣೆ ಕಟ್ಟಿಕೊಂಡವರು, ಮೊದಲು ಪೆನ್ನು ಎತ್ತಿಕೊಂಡರು. ಅವರ ಹಿಂದೆ ಒಬ್ಬೊಬ್ಬರೇ. ಹೆಡ್‌ಮಾಸ್ಟರು ಕೊನೆಗೆ. ಸಹಿ ಹಾಕುವ ಮೊದಲು ಹಾಳೆಯನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದರು. ತಪ್ಪು ಇರಲಿಲ್ಲ.

ಹೊರಡುವಾಗ ಗುಲಾಬಿ ಆಂಟಿ ಅವ್ವನ ಹತ್ತಿರ ಬಗ್ಗಿದರು. ನಾಳೆ ಬೆಳಿಗ್ಗೆ ಬರ್ತೀಯ ತಾನೆ ಎಂದು ಮೆಲ್ಲಗೆ ಕೇಳಿದರು.

"ಬರ್ತೀನಮ್ಮ," ಎಂದಳು ಅವ್ವ. "ಸಂದಿ ನಾಲ್ಕಡಿ ಆಗ್ಲಿ, ಬರ್ತೀನಿ. ಅಲ್ಲೀವರೆಗೂ ಆಸಿಡ್ ಬಾಟ್ಲಿ ಎಲ್ಲಿದೆ ಅಂತ ನಿಮಗೆ ಗೊತ್ತಿರ್ಬೇಕಲ್ಲ. ಗೊತ್ತಿಲ್ದಿದ್ರೆ ಹೇಳ್ತೀನಿ, ಹಿತ್ಲು ಕಿಟಕಿ ಮೇಲಿದೆ."

ಸಂದಿಗಳು ನಾಲ್ಕು ಅಡಿ ಆಗಿಲ್ಲ. ಆಗುವುದೂ ಇಲ್ಲ. ಮೂರು ಮನೆಯ ಅಳತೆ ಸಾಹೇಬರ ಪುಸ್ತಕದಲ್ಲಿ ಸುಖವಾಗಿ ಮಲಗಿದೆ. ಅವ್ವ ಈಗ ಮೂರು ಬೀದಿ ಆಚೆ ಒಂದು ಕಚೇರಿಗೆ ಹೋಗುತ್ತಾಳೆ. ಅಲ್ಲೂ ಕಕ್ಕಸೇ. ಆದರೆ ಎಲ್ಲರೂ ಹೋಗುವ ಬಾಗಿಲಿನಿಂದ ಹೋಗುತ್ತಾಳೆ. ತರಕಾರಿಯವಳು ಈಗ ಎಲ್ಲಿ ಕೂರುತ್ತಾಳೆ ಎಂದು ನಾನು ಹುಡುಕುತ್ತಿದ್ದೇನೆ. ಸಿಕ್ಕಿದರೆ ಏನು ಹೇಳಬೇಕೆಂದು ಇನ್ನೂ ತೋಚಿಲ್ಲ.

ತಕರಾರು ವಾಪಸಾದ ಹತ್ತೊಂಬತ್ತನೇ ದಿನಕ್ಕೆ ವಿನಾಯಿತಿ ಬಂತು. ಕೋಣೆ ಆಮೇಲೆ, ಮೊದಲು ಕಕ್ಕಸು ಎಂದಳು ಅವ್ವ. ಗೋಡೆ ಮೊಣಕಾಲಿನ ಮಟ್ಟಕ್ಕೆ ಬಂದಾಗ ಹೆಡ್‌ಮಾಸ್ಟರು ಯಾರ ಕೈಯಲ್ಲೋ ಹೇಳಿ ಕಳಿಸಿದರು: ಕಟ್ಟುವುದು ಕಟ್ಟಿ, ಬಾಗಿಲನ್ನಾದರೂ ಹಿಂದಕ್ಕೆ ಇಡಿ, ಬೀದಿಗೆ ಕಾಣದ ಹಾಗೆ.

ಗಾರೆಯವನು ಕರಣೆ ಹಿಡಿದು ನಿಂತ. ಬಾಗಿಲು ಯಾವ ಕಡೆಗಮ್ಮ ಎಂದು ಕೇಳಿದ.

ಅವ್ವ ಬೀದಿಯ ಕಡೆ ಕೈ ತೋರಿಸಿದಳು.

"ಅಗಲ ಎಷ್ಟಿಡ್ಲಿ?"

ಅಡಿ, ಅಂಗುಲ ಅವ್ವನಿಗೆ ಗೊತ್ತಾಗುವುದಿಲ್ಲ. ಅವಳು ಮೂಲೆಯಲ್ಲಿದ್ದ ಬಕೆಟ್ಟು ಎತ್ತಿಕೊಂಡಳು. ಅದನ್ನು ಪಕ್ಕದಲ್ಲಿ ಹಿಡಿದು, ಇನ್ನೂ ಇಲ್ಲದ ಆ ಬಾಗಿಲಿನಲ್ಲಿ ನೆಟ್ಟಗೆ ನಡೆದು ಒಳಗೆ ಹೋದಳು. ಗಾರೆಯವನು ಅವಳ ಎರಡೂ ಬದಿಗೆ ಇಟ್ಟಿಗೆ ಇಟ್ಟು ಗುರುತು ಮಾಡಿಕೊಂಡ.